ಹೋಳಿಗೆಗೆ ಇಬ್ಬರು ನಿಂತಾಗ

ಹಬ್ಬದ ದಿನ ಗಂಡ ಹೆಂಡತಿ ಇಬ್ಬರೂ ಅಡುಗೆಮನೆಗೆ ಇಳಿದರೆ ‘ಹೋಳಿಗೆ ನಿಂದು, ಸಾರು ನಂದು’ ಎಂದು ಹಂಚಿಕೊಳ್ಳುವುದುಂಟು. ಹೋಳಿಗೆಗೆ ಈ ಲೆಕ್ಕ ಒಗ್ಗುವುದಿಲ್ಲ. ಎಣ್ಣೆ ಕೈ ಯಾರದು, ಒಣ ಕೈ ಯಾರದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ತಟ್ಟುವವರು ಸ್ಟೌವಿನ ನಾಬ್, ಡಬ್ಬಿ, ಫ್ರಿಜ್ಜು ಯಾವುದನ್ನೂ ಮುಟ್ಟಬಾರದು. ಅದೆಲ್ಲ ಕಾವಲಿಯ ಮುಂದಿರುವವರ ಪಾಲು.

12 ಹೋಳಿಗೆಗೆ 1 ಲೋಟ ಕಡಲೆಬೇಳೆ, ಅದಕ್ಕಿಂತ ತುಸು ಕಡಿಮೆ ಬೆಲ್ಲ. ಕಣಕಕ್ಕೆ, ಅಂದರೆ ಹೊರಗಿನ ಹಿಟ್ಟಿಗೆ, ಮುಕ್ಕಾಲು ಲೋಟ ಚಿರೋಟಿ ರವೆ, ಕಾಲು ಲೋಟ ಮೈದಾ, ಚಿಟಿಕೆ ಅರಿಶಿನ. ಚಪಾತಿ ಹಿಟ್ಟಿಗಿಂತ ಸಡಿಲವಾಗಿ ಕಲಸಿ, ಮೂರು ನಾಲ್ಕು ಚಮಚ ಎಣ್ಣೆ ಹಾಕಿ ಚೆನ್ನಾಗಿ ನಾದಿ 2 ಗಂಟೆ ಮುಚ್ಚಿಡಿ. ಬೆಂದ ಬೇಳೆ ಬೆರಳಲ್ಲಿ ಒತ್ತಿದರೆ ನುರಿಯಬೇಕು, ಆದರೆ ಕರಗಿರಬಾರದು. ಕಟ್ಟು, ಅಂದರೆ ಬೇಳೆ ಬೆಂದ ನೀರು, ಪೂರ್ತಿ ಬಸಿದು, ಬೆಲ್ಲದೊಂದಿಗೆ ಕಾಯಿಸಿ ನೀರು ಮುಟ್ಟಿಸದೆ ರುಬ್ಬಿದರೆ ಹೂರಣ. ತಟ್ಟುವಾಗ ಹರಿಯುವುದಕ್ಕೆ ಕೈ ಕಾರಣವಲ್ಲ. ಹೂರಣ ನೀರಾಗಿರುತ್ತದೆ, ಇಲ್ಲವೇ ಕಣಕ ಗಟ್ಟಿಯಾಗಿರುತ್ತದೆ. ಹೂರಣ ಅಂಗೈಗೆ ಅಂಟಿದರೆ ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗಿಟ್ಟು ಮತ್ತೆ ಕೆದಕಿ. ಕಣಕ ಗಟ್ಟಿಯಾಗಿದ್ದರೆ ಎಣ್ಣೆ ಹಾಕಿ ಇನ್ನಷ್ಟು ನಾದಿ.

ಕಟ್ಟಿನ ಸಾರಿಗೆ ಕಾವಲಿ ಇಡುವ ಮೊದಲೇ ಒಗ್ಗರಣೆ ಬಿದ್ದಿರಲಿ. ಎರಡು ಬರ್ನರಿನ ಸ್ಟೌವಿನಲ್ಲಿ ದೊಡ್ಡ ಕಾವಲಿ ಪಕ್ಕದ ಪಾತ್ರೆಗೆ ಜಾಗ ಬಿಡುವುದಿಲ್ಲ. ತಟ್ಟುವವರು ಊಟದ ಮೇಜಿಗೋ ನೆಲಕ್ಕೋ ಹೋಗುವುದು ಒಳ್ಳೆಯದು. ಒಲೆಗೂ ಸಿಂಕಿಗೂ ನಡುವೆ ಮಾತ್ರ ಬೇಡ. ಬಿಸಿ ಹಿಡಿದು ಹಿಂದೆ ಹಾಯುವಾಗ ‘ಬಿಸಿ’ ಎಂದು ಕೂಗಲೇಬೇಕು, ಎಷ್ಟು ಸಲಿಗೆಯಿದ್ದರೂ.

ಬಾಳೆಲೆ ಎರಡು ತುಂಡು ಇರಲಿ. ಒಂದರ ಮೇಲೆ ತಟ್ಟುತ್ತಿರುವಾಗ ಇನ್ನೊಂದು ಕಾವಲಿಯ ಹತ್ತಿರ ಖಾಲಿಯಾಗಿ ವಾಪಸು ಬರುತ್ತದೆ. ಕಣಕ ಸಣ್ಣ ನಿಂಬೆಯಷ್ಟು, ಹೂರಣ ಅದರ ಎರಡರಷ್ಟು. ಒಂದು ಹೋಳಿಗೆ ಬೇಯಲು ಹೆಚ್ಚುಕಡಿಮೆ ಒಂದೂವರೆ ನಿಮಿಷ, ತಟ್ಟುವುದಕ್ಕೂ ಅಷ್ಟೇ. ತಟ್ಟುವವರು ಆತುರಪಟ್ಟು ಮೂರು ನಾಲ್ಕು ಮುಂದೆ ಮಾಡಿಟ್ಟರೆ ಅವು ಎಲೆಗೆ ಅಂಟಿ ಕೂರುತ್ತವೆ, ಬಿಡಿಸುವಾಗ ಹರಿಯುತ್ತವೆ. ಹಾಗಾಗಿ ಕಾವಲಿಯವರು ‘ಕೊಡು’ ಎಂದಾಗಲೇ ಎಲೆ ಕೈಬದಲಾಗಬೇಕು.

ಉರಿ ಜೋರಾದರೆ ಮೇಲೆ ಕಪ್ಪು, ಒಳಗೆ ಹಸಿ. ತೀರ ಸಣ್ಣದಾದರೆ ಒಣಗಿ ಬಿರುಸಾಗುತ್ತದೆ. ಕೆಳಗೆ ಕಂದು ಚುಕ್ಕೆ ಬಿದ್ದಮೇಲೆ ಒಮ್ಮೆ ಮಗುಚಿದರೆ ಸಾಕು. ಇಳಿಸಿದ್ದನ್ನು ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ. ಬಿಸಿಯಲ್ಲೇ ಒಂದರ ಮೇಲೊಂದು ಇಟ್ಟರೆ ಬೆವರಿ ಅಂಟಿಕೊಳ್ಳುತ್ತವೆ. ತುಪ್ಪ ಹಾಕುವುದು ತಟ್ಟೆಗೆ ಬಡಿಸುವಾಗ.