ಹೊರಗಿನ ಆಬ್ಜೆಕ್ಟ್ ಹೊಸದು, ಒಳಗಿನದು ಹಳೆಯದೇ

ಜಾವಾಸ್ಕ್ರಿಪ್ಟ್‌ನಲ್ಲಿ ಒಂದರೊಳಗೊಂದು ಆಬ್ಜೆಕ್ಟ್ (ಕೀ-ಬೆಲೆ ಜೋಡಿಗಳ ಗುಂಪು) ಕಟ್ಟುವುದು ಸಲೀಸು. ಆರ್ಡರ್, ಅದರೊಳಗೆ ಗ್ರಾಹಕ, ಅದರೊಳಗೆ ವಿಳಾಸ: ಕರ್ಲಿ ಬ್ರೇಸ್ ತೆರೆದು ಕೀ ಬರೆದು, ಕೋಲನ್ ಹಾಕಿ, ಮತ್ತೆ ಬ್ರೇಸ್ ತೆರೆದರಾಯಿತು. ಗೋಳು ಶುರುವಾಗುವುದು ಹೀಗೆ ಬ್ರೇಸ್ ಹಾಕಿ ನೇರ ಬರೆದ ಆಬ್ಜೆಕ್ಟನ್ನು, ಅಂದರೆ ಲಿಟರಲ್ಲನ್ನು, ಎರಡನೇ ಸಲ ಬಳಸಹೊರಟಾಗ.

ಲಿಟರಲ್ ಇರುವ ಸಾಲು ಎಷ್ಟು ಸಲ ರನ್ ಆಗುತ್ತದೋ ಅಷ್ಟು ಸಲ ಹೊಸ ಆಬ್ಜೆಕ್ಟ್ ಹುಟ್ಟುತ್ತದೆ, ಒಳಗಿನವೂ ಸೇರಿ. ಆದರೆ ಫೈಲಿನ ತಲೆಯಲ್ಲಿ ಕಾನ್‌ಸ್ಟ್ ಎಂದು ಇಟ್ಟ ಡೀಫಾಲ್ಟ್ (ಬೇರೇನೂ ಕೊಡದಿದ್ದಾಗ ಬಳಸುವ ಆಬ್ಜೆಕ್ಟ್) ರನ್ ಆಗುವುದು ಒಂದೇ ಸಲ. ಅದನ್ನು ಮೂರು ಚುಕ್ಕಿಯ ಸ್ಪ್ರೆಡ್‌ನಿಂದ ಕಾಪಿ ಮಾಡಿದರೆ ಮೇಲಿನ ಪದರವಷ್ಟೇ ಹೊಸದು, ಒಳಗಿನದು ಎಲ್ಲ ಕಾಪಿಗಳಿಗೂ ಒಂದೇ. ಹೀಗೆ ಕಾಪಿ ಮಾಡಿದ ಎರಡು ಆರ್ಡರುಗಳಲ್ಲಿ ಒಂದರ ಪಿನ್‌ಕೋಡ್ 560001 ಇದ್ದದ್ದನ್ನು 580020 ಮಾಡಿ, ಇನ್ನೊಂದರಲ್ಲೂ 580020. ಎರರ್ ಬರುವುದಿಲ್ಲ, ಒಂದೇ ಆರ್ಡರ್ ಇಟ್ಟು ಬರೆದ ಟೆಸ್ಟ್ ಪಾಸಾಗುತ್ತದೆ. ಕಾಪಿಗೆ ಬಳಸುವ ಆಬ್ಜೆಕ್ಟ್ ಡಾಟ್ ಅಸೈನ್ ಕೂಡ ಇದೇ ಜಾತಿ. ಬದಲಾಗದಂತೆ ಫ್ರೀಜ್ ಮಾಡಿದರೂ ಬೀಗ ಬೀಳುವುದು ಮೇಲಿನ ಪದರಕ್ಕೇ.

ಇದಕ್ಕಿಂತ ಕಾಡುವುದು ಮರ್ಜ್, ಅಂದರೆ ಬಳಸುವವರು ಕೊಟ್ಟದ್ದನ್ನು ಡೀಫಾಲ್ಟ್ ಜೊತೆ ಬೆರೆಸುವುದು. ಡೀಫಾಲ್ಟಿನ ರಿಟ್ರೈ (ರಿಕ್ವೆಸ್ಟ್ ಸೋತರೆ ಮತ್ತೆ ಕಳಿಸುವ ಸೆಟ್ಟಿಂಗ್) ಒಳಗೆ ಕೌಂಟ್ 3, ಗ್ಯಾಪ್ 500 ಮಿಲಿಸೆಕೆಂಡ್ ಇದೆ ಎನ್ನಿ. ಬಳಸುವವರು ರಿಟ್ರೈ ಒಳಗೆ ಕೌಂಟ್ 5 ಅಂತ ಮಾತ್ರ ಕೊಟ್ಟರು. ಸ್ಪ್ರೆಡ್ ಒಳಗೆ ಇಳಿದು ಬೆರೆಸುವುದಿಲ್ಲ, ಇಡೀ ರಿಟ್ರೈ ಆಬ್ಜೆಕ್ಟನ್ನೇ ಬದಲಿಸುತ್ತದೆ. ಗ್ಯಾಪ್ ಅನ್‌ಡಿಫೈನ್ಡ್ (ಬೆಲೆಯೇ ಇಲ್ಲ), ಕಾದು ಕೆಲಸ ಮಾಡಿಸುವ ಸೆಟ್‌ಟೈಮ್‌ಔಟ್ ಅದನ್ನು 0 ಎಂದೇ ಓದುತ್ತದೆ. ಐದೂ ರಿಕ್ವೆಸ್ಟ್ ಅರ್ಧ ಸೆಕೆಂಡ್ ಕಾಯದೆ ಬೆನ್ನುಬೆನ್ನಿಗೆ ಸರ್ವರ್ ಮೇಲೆ. ಒಳಗಿನ ರಿಟ್ರೈಗೂ ಬೇರೆಯಾಗಿ ಸ್ಪ್ರೆಡ್ ಬರೆಯಬೇಕು, ಪ್ರತಿ ಪದರಕ್ಕೂ. ನೋಡಲು ಚೆಂದವಿಲ್ಲ, ಆದರೆ ಏನು ಆಗುತ್ತಿದೆ ಎಂಬುದು ಕಣ್ಣೆದುರು ಇರುತ್ತದೆ.

ಡೀಫಾಲ್ಟನ್ನು ಕಾನ್‌ಸ್ಟ್ ಆಗಿ ಇಡುವ ಬದಲು ಅದನ್ನು ಹಿಂತಿರುಗಿಸುವ ಫಂಕ್ಷನ್ ಬರೆಯಿರಿ. ಕರೆದಾಗಲೆಲ್ಲ ಪೂರ್ತಿ ಹೊಸದು ಸಿಗುತ್ತದೆ. ಬಾಣದ ಗುರುತು (=>) ಹಾಕಿ ಬರೆಯುವ ಆರೋ ಫಂಕ್ಷನ್ ಆದರೆ ಲಿಟರಲ್ ಸುತ್ತ ದುಂಡು ಬ್ರಾಕೆಟ್ ಬೇಕೇ ಬೇಕು. ಇಲ್ಲದಿದ್ದರೆ ಬ್ರೇಸನ್ನು ಫಂಕ್ಷನ್‌ನ ಬಾಡಿ ಎಂದು ಓದಿ, ಒಂದೇ ಕೀ ಇದ್ದು ಅದರ ಬೆಲೆ ಬರೀ ಸಂಖ್ಯೆಯಾಗಿದ್ದಾಗ ಸದ್ದಿಲ್ಲದೆ ಅನ್‌ಡಿಫೈನ್ಡ್ ಕೊಡುತ್ತದೆ. ಎರಡು ಕೀ ಇದ್ದರೆ ಸಿಂಟ್ಯಾಕ್ಸ್ ಎರರ್, ಅದೇ ಪುಣ್ಯ.

ಅರೇಯ (ಪಟ್ಟಿಯ) ಎಲ್ಲ ಜಾಗ ತುಂಬುವ ಫಿಲ್‌ಗೆ ಖಾಲಿ ಆಬ್ಜೆಕ್ಟ್ ಕೊಟ್ಟು ಐದು ಜಾಗ ತುಂಬಿಸಿದರೆ ಒಂದೇ ಆಬ್ಜೆಕ್ಟ್ ಐದು ಕಡೆ ಕೂತಿರುತ್ತದೆ. ಅಲ್ಲಿ ಅರೇ ಡಾಟ್ ಫ್ರಮ್ ಬಳಸಿ, ಎರಡನೇ ಆರ್ಗ್ಯುಮೆಂಟ್ ಆಗಿ ಹೊಸ ಆಬ್ಜೆಕ್ಟ್ ಕೊಡುವ ಫಂಕ್ಷನ್ ಕೊಡಿ.

ಎಲ್ಲೋ ಹುಟ್ಟಿದ ಆಬ್ಜೆಕ್ಟನ್ನು ಪೂರ್ತಿ ಕಾಪಿ ಮಾಡಲೇಬೇಕಾದರೆ ಸ್ಟ್ರಕ್ಚರ್ಡ್‌ಕ್ಲೋನ್ ಇದೆ, ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) 17ರಿಂದ. ಒಳಗೆ ಫಂಕ್ಷನ್ ಇದ್ದರೆ ಅದು ಎರರ್ ಎಸೆಯುತ್ತದೆ. ಆಬ್ಜೆಕ್ಟನ್ನು ಪಠ್ಯ ಮಾಡಿ ಮತ್ತೆ ಆಬ್ಜೆಕ್ಟ್ ಮಾಡುವ ಹಳೆಯ ಜೇಸನ್ ಸ್ಟ್ರಿಂಗಿಫೈ-ಪಾರ್ಸ್ ಉಪಾಯ ಎರರನ್ನೂ ಎಸೆಯದೆ ಫಂಕ್ಷನನ್ನು ನುಂಗಿ, ಡೇಟ್ (ದಿನಾಂಕ) ಆಬ್ಜೆಕ್ಟನ್ನು ಸ್ಟ್ರಿಂಗ್ ಮಾಡಿ ಕೊಡುತ್ತದೆ.