ಖಾಲಿ ಗೋದಲಿಯಿಂದ ಶುರು: ಶಿಶುವಿಹಾರದ ಕ್ರಿಸ್‌ಮಸ್ ವಾರ

ರಜೆಗೆ ಮುಂಚಿನ ವಾರ ಶಿಶುವಿಹಾರದಲ್ಲಿ ಒಂದು ದಿನ ಕ್ರಿಸ್‌ಮಸ್ ಮರ, ಮರುದಿನ ಸಾಂತಾ, ಆಮೇಲೆ ಹಿಮದ ಗೊಂಬೆ, ಕೊನೆಗೆ ಗಡಿಬಿಡಿಯ ನಾಟಕ. ಇಷ್ಟರಲ್ಲಿ ಯೇಸು ಹುಟ್ಟಿದ ಕಥೆಗೇ ಜಾಗ ಉಳಿಯುವುದಿಲ್ಲ. ಮೂರು-ನಾಲ್ಕು ವರ್ಷದ ಮಕ್ಕಳಿಗೆ ವಾರಪೂರ್ತಿ ಒಂದೇ ಕಥೆ ಸಾಕು, ದಿನಕ್ಕೊಂದೇ ದೃಶ್ಯ. ಎಣಿಕೆ, ಬಣ್ಣ, ಅಂಟಿಸುವ ಕೆಲಸ ಎಲ್ಲವೂ ಆ ದಿನದ ದೃಶ್ಯದಿಂದಲೇ ಹುಟ್ಟಲಿ.

ಸೋಮವಾರ ದೇವದೂತ ಗಬ್ರಿಯೇಲ ಯೇಸುವಿನ ತಾಯಿಯಾಗಲಿರುವ ಮರಿಯಳ ಬಳಿಗೆ ಬರುತ್ತಾನೆ. ಮಂಗಳವಾರ ನಜರೇತಿನಿಂದ ಬೆತ್ಲೆಹೇಮಿಗೆ ಪ್ರಯಾಣ. ಬುಧವಾರ ಮಗು ಹುಟ್ಟುತ್ತದೆ, ಗುರುವಾರ ಕುರುಬರು ಓಡಿ ಬರುತ್ತಾರೆ, ಶುಕ್ರವಾರ ಜೋಯಿಸರು, ಅಂದರೆ ನಕ್ಷತ್ರದ ಜಾಡು ಹಿಡಿದು ಮೂಡಣ ದೇಶದಿಂದ ಬಂದ ಜ್ಞಾನಿಗಳು. ಮಗುವಿನ ಜನನವನ್ನು ಶುಕ್ರವಾರಕ್ಕೆ ಇಟ್ಟುಕೊಳ್ಳಬೇಡಿ. ಊರಿಗೆ ಹೊರಡುವವರ ಮಕ್ಕಳು ಆ ದಿನ ಬರುವುದೇ ಇಲ್ಲ, ಕಥೆಯ ಮುಖ್ಯ ಭಾಗವೇ ಅವರಿಗೆ ತಪ್ಪಿಹೋಗುತ್ತದೆ.

ಮೊದಲ ದಿನ ಮಕ್ಕಳು ಒಳಗೆ ಬಂದಾಗ ಕಣ್ಣಿಗೆ ಬೀಳಬೇಕಾದದ್ದು ಖಾಲಿ ಗೋದಲಿ, ಅಂದರೆ ಹುಟ್ಟಿದ ಯೇಸುವನ್ನು ಮಲಗಿಸಿದ ದನದ ಮೇವಿನ ತೊಟ್ಟಿ. ಒಂದು ರಟ್ಟಿನ ಪೆಟ್ಟಿಗೆ, ಪಕ್ಕದಲ್ಲಿ ಬುಟ್ಟಿ ತುಂಬ ಒಣಹುಲ್ಲು. ಮಗು ಇನ್ನೊಬ್ಬರಿಗೆ ಒಳ್ಳೆಯದು ಮಾಡಿದಾಗಲೆಲ್ಲ ಒಂದು ಎಳೆ ಹುಲ್ಲು ಒಳಗೆ ಹಾಕುತ್ತದೆ. ಬುಧವಾರದೊಳಗೆ ಹಾಸಿಗೆ ಸಿದ್ಧವಾಗಬೇಕು. ಇಲ್ಲಿ ಎಡವುವುದು ದೊಡ್ಡವರೇ. "ಜಗಳ ಆಡಿದೆ, ನಿನ್ನ ಹುಲ್ಲು ವಾಪಸ್ ತೆಗಿ" ಅಂದುಬಿಡುತ್ತಾರೆ. ಹಾಕಿದ ಹುಲ್ಲನ್ನು ಎಂದಿಗೂ ತೆಗೆಸಬಾರದು, ಯಾರು ಎಷ್ಟು ಹಾಕಿದರು ಎಂದು ಹೆಸರು ಬರೆದು ಲೆಕ್ಕ ಇಡಬಾರದು. ಒಂದು ಮಗುವಿಗೆ ಅವಕಾಶವೇ ಸಿಕ್ಕಿಲ್ಲ ಅನ್ನಿಸಿದರೆ "ಈ ಬಟ್ಟಲು ಹಂಚಿ ಬಾ" ಎಂದು ನಾವೇ ಕೆಲಸ ಕೊಟ್ಟರಾಯಿತು. ಧೂಳಿಗೆ ಕೆಮ್ಮುವ ಮಕ್ಕಳಿದ್ದರೆ ಹುಲ್ಲಿನ ಬದಲು ಹಳದಿ ಕಾಗದದ ಸಣ್ಣ ಪಟ್ಟಿ ಸಾಕು.

ಹುಲ್ಲು ತುಂಬಿದ ಗೋದಲಿಯನ್ನು ಜನರ ಕಣ್ಣೆದುರು ಇಟ್ಟು ಕ್ರಿಸ್ತಜಯಂತಿ ಆಚರಿಸಿದ್ದು 1223ರಲ್ಲಿ, ಇಟಲಿಯ ಗ್ರೆಚ್ಚಿಯೊದಲ್ಲಿ, ಅಸ್ಸಿಸಿಯ ಸಂತ ಫ್ರಾನ್ಸಿಸ್. ಬರೀ ಕೇಳಿಸಿಕೊಂಡದ್ದಕ್ಕಿಂತ ಕಣ್ಣಾರೆ ಕಂಡದ್ದು ಮನಸ್ಸಿಗೆ ಹತ್ತುತ್ತದೆ ಅನ್ನುವ ಅದೇ ದಾರಿಯಲ್ಲಿ ನಾವೂ ನಡೆಯುತ್ತಿರುವುದು.

ಕಥೆ ಹೇಳಲು ಐದರಿಂದ ಏಳು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಮಕ್ಕಳು ಮುಟ್ಟಬಹುದಾದ ಮರದ ಅಥವಾ ಬಟ್ಟೆಯ ಗೊಂಬೆಗಳು ಇರಲಿ. ಪಿಂಗಾಣಿಯವನ್ನು ಎತ್ತರದಲ್ಲಿಟ್ಟು "ಮುಟ್ಟಬೇಡ" ಎನ್ನುವುದರಲ್ಲೇ ಸಮಯ ಹೋಗುತ್ತದೆ. ಗೊಂಬೆಯ ಯಾವ ತುಂಡೂ ಟಾಯ್ಲೆಟ್ ಕಾಗದದ ಸುರುಳಿಯ ಕೊಳವೆಯೊಳಗೆ ತೂರುವಷ್ಟು ಚಿಕ್ಕದಿರಬಾರದು, ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಜೋಯಿಸರ ಗೊಂಬೆಗಳನ್ನು ಸೋಮವಾರವೇ ಕೋಣೆಯ ಆಚೆ ತುದಿಯ ಕಿಟಕಿಯಲ್ಲಿಟ್ಟು, ದಿನಾ ಸ್ವಲ್ಪ ಸ್ವಲ್ಪ ಮುಂದೆ ಸರಿಸಿ. ಎಷ್ಟು ಹೆಜ್ಜೆ ಬಂದರು ಎಂದು ಎಣಿಸುವುದೇ ಆ ದಿನದ ಗಣಿತ. ಯೇಸುವಿನ ಕಥೆ ಹೇಳುವ ಬೈಬಲಿನ ಪುಸ್ತಕಗಳಲ್ಲೊಂದಾದ ಮತ್ತಾಯನ ಸುವಾರ್ತೆಯಲ್ಲಿ ಅವರು ಬರುವುದು ಮನೆಗೆ. ಹಾಗಾಗಿ ಕುರುಬರ ಜೊತೆ ಅದೇ ರಾತ್ರಿ ಅವರನ್ನು ನಿಲ್ಲಿಸದೆ, ಶುಕ್ರವಾರ ಬೇರೆ ಮೂಲೆಯಲ್ಲಿ ಒಂದು ಪುಟ್ಟ ಮನೆ ಮಾಡಿ.

ಕೈಕೆಲಸಕ್ಕೆ ವಾರಕ್ಕೆ ಎರಡೇ ಸಾಕು. ಗುರುವಾರ ಹತ್ತಿಯ ಉಂಡೆ ಅಂಟಿಸಿದ ಕುರಿ. ಅದು ಸುಲಭ, ಅಂಟು ಮಾತ್ರ ಬಟ್ಟಲಿನಲ್ಲಿ ತೆಳುವಾಗಿ ಸುರಿದುಕೊಡಿ. ಇನ್ನೊಂದು ಉಪ್ಪುಹಿಟ್ಟಿನ ನಕ್ಷತ್ರ. ಇದನ್ನು ಸೋಮವಾರವೇ ಮಾಡಿಬಿಡಬೇಕು, ಒಣಗಲು ದಿನ ಬೇಕು.

ಎರಡು ಕಪ್ ಮೈದಾಹಿಟ್ಟು, ಒಂದು ಕಪ್ ಪುಡಿ ಉಪ್ಪು. ನೀರು ಮುಕ್ಕಾಲು ಕಪ್ಪಿನಿಂದ ಶುರುಮಾಡಿ ಒಂದು ಕಪ್ಪಿನೊಳಗೆ, ಸ್ವಲ್ಪ ಸ್ವಲ್ಪವಾಗಿ. ಹಿಟ್ಟು ಕೈಗೆ ಅಂಟದಂತಾಗುವವರೆಗೆ, ಐದಾರು ನಿಮಿಷ ಚೆನ್ನಾಗಿ ನಾದಬೇಕು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಚ್ಚಿನಲ್ಲಿ ಕತ್ತರಿಸಿ, ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಸ್ಟ್ರಾ ಚುಚ್ಚಿ ದಾರಕ್ಕೆ ತೂತು ಮಾಡಿ. ಅಂಚಿಗೆ ತೀರ ಹತ್ತಿರ ಚುಚ್ಚಿದರೆ ನೇತುಹಾಕಿದ ದಿನವೇ ಮುರಿಯುತ್ತದೆ. ಹಿಂಬದಿಯಲ್ಲಿ ಮಗುವಿನ ಹೆಸರು, ವರ್ಷ ಕೊರೆಯುವುದು ಒದ್ದೆಯಿರುವಾಗಲೇ. ಮರೆತರೆ ಶುಕ್ರವಾರ ಯಾರ ನಕ್ಷತ್ರ ಯಾರದೋ ಆಗುತ್ತದೆ. ಗಾಳಿಯಲ್ಲಾದರೆ ಎರಡು-ಮೂರು ದಿನ, ಹೊತ್ತುಹೊತ್ತಿಗೆ ಮಗುಚುತ್ತ ಒಣಗಿಸಿ. ಓವನ್‌ನಲ್ಲಾದರೆ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡರಿಂದ ಮೂರು ಗಂಟೆ. ಬೇಗ ಮುಗಿಯಲಿ ಎಂದು ಉರಿ ಏರಿಸಿದರೆ ಮೇಲ್ಪದರ ಮೊದಲು ಗಟ್ಟಿಯಾಗಿ, ಒಳಗಿನ ತೇವ ಹೊರಬರಲಾರದೆ ಉಬ್ಬಿ ಬಿರುಕು ಬಿಡುತ್ತದೆ. ಬಣ್ಣ ಹಚ್ಚುವುದು ಪೂರ್ತಿ ಒಣಗಿದ ಮೇಲೆ. ನಂತರ ಎರಡೂ ಬದಿಗೆ ವಾರ್ನಿಷ್ ಹಚ್ಚುವುದು ದೊಡ್ಡವರ ಕೆಲಸ. ಹಚ್ಚದಿದ್ದರೆ ಉಪ್ಪು ಗಾಳಿಯ ತೇವ ಹೀರಿಕೊಂಡು ನಕ್ಷತ್ರ ಮತ್ತೆ ಮೆತ್ತಗಾಗುತ್ತದೆ. ಈ ಹಿಟ್ಟನ್ನು ಮಕ್ಕಳು ತಿನ್ನದಂತೆ ನಿಗಾ ಇಡಿ, ಅಷ್ಟು ಉಪ್ಪು ಅವರ ದೇಹಕ್ಕೆ ಒಳ್ಳೆಯದಲ್ಲ. ಗೋಧಿಯ ಅಲರ್ಜಿ ಇರುವ ಮಗು ತರಗತಿಯಲ್ಲಿದ್ದರೆ ಮೈದಾ ಬಿಟ್ಟು ರಟ್ಟಿನ ನಕ್ಷತ್ರ ಮಾಡಿಸಿ.

ಶುಕ್ರವಾರ ಜೋಯಿಸರು ತಂದ ಚಿನ್ನ, ಧೂಪ, ರಕ್ತಬೋಳ (ಪರಿಮಳದ ಮರದ ಅಂಟು) ಎಂಬ ಮೂರು ಕಾಣಿಕೆಗಳು. ಧೂಪದ ಹರಳನ್ನು ತೂತಿರುವ ಡಬ್ಬಿಯಲ್ಲಿಟ್ಟು ವಾಸನೆ ನೋಡಲು ಕೊಡಿ. ಉರಿಸಬೇಡಿ, ಹೊಗೆ ಉಬ್ಬಸವಿರುವ ಮಗುವಿಗೆ ಆಗದು.

ಪೋಷಕರೆದುರಿನ ನಾಟಕಕ್ಕೆ ಬೇರೆ ತಾಲೀಮು ಬೇಕಿಲ್ಲ. ಆಯಾ ದಿನದ ದೃಶ್ಯವನ್ನು ಕಥೆ ಮುಗಿದೊಡನೆ ಮಕ್ಕಳು ಆಡಿರುತ್ತಾರೆ. ಶುಕ್ರವಾರ ಬೆಳಿಗ್ಗೆ, ತಿಂಡಿಗೆ ಮುಂಚೆ, ಹದಿನೈದು ನಿಮಿಷದಲ್ಲಿ ಮುಗಿಸಿ. ಸಿಹಿ ತಿಂದು ಕೇಕೆ ಹಾಕುತ್ತಿರುವ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ಯಾರಿಂದಲೂ ಆಗದು. ಮಾತೆಲ್ಲ ಟೀಚರ್ ಓದಲಿ, ಮಕ್ಕಳು ನಡೆದು ತೋರಿಸಿದರೆ ಸಾಕು. ಜೋಯಿಸರು ಎಷ್ಟು ಜನ ಎಂದು ಸುವಾರ್ತೆ ಹೇಳಿಲ್ಲ, ಹೇಳಿರುವುದು ಮೂರು ಕಾಣಿಕೆಗಳನ್ನು ಮಾತ್ರ. ಏಳು ಮಕ್ಕಳು ಕಿರೀಟ ಕೇಳಿದರೆ ಏಳು ಜನ ಜೋಯಿಸರು ಬರಲಿ. ಮರಿಯ ಆಗಲು ಎಲ್ಲರಿಗೂ ಆಸೆ. ದಿನಕ್ಕೊಬ್ಬಳಂತೆ ವಾರವಿಡೀ ಸರದಿ ಇಟ್ಟರೆ ಶುಕ್ರವಾರ ಅಳು ಕಡಿಮೆ. ದೇವದೂತರ ರೆಕ್ಕೆ ಮಗುವಿನ ಭುಜದಗಲಕ್ಕಿಂತ ಹೆಚ್ಚಿರಬಾರದು, ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಜನ ಕಂಡೊಡನೆ ಹಿಂದೆ ಸರಿಯುವ ಮಗುವನ್ನು ಮುಂದಕ್ಕೆ ತಳ್ಳಬೇಡಿ. ಟೀಚರ್ ತೊಡೆಯ ಮೇಲೆ ಕೂತು ಕೋಲಿಗೆ ಕಟ್ಟಿದ ನಕ್ಷತ್ರ ಎತ್ತಿ ಹಿಡಿಯಲಿ, ಜೋಯಿಸರಿಗೆ ದಾರಿ ತೋರುವುದು ಆ ಮಗುವೇ.