ಸಮುದ್ರದ ನೀರೋ, ಉಪ್ಪು ಕದಡಿದ ನೀರೋ? ಮರೈನ್ ಟ್ಯಾಂಕ್ ನೋಡಿಕೊಳ್ಳುವವನ ಲೆಕ್ಕಾಚಾರ

ಮನೆಗಳಲ್ಲಿರುವ ಮರೈನ್ ಅಕ್ವೇರಿಯಂಗಳನ್ನು, ಅಂದರೆ ಸಮುದ್ರದ ಮೀನು, ಹವಳ ಸಾಕುವ ಉಪ್ಪುನೀರಿನ ಟ್ಯಾಂಕುಗಳನ್ನು, ನೋಡಿಕೊಳ್ಳುವುದು ನನ್ನ ಕೆಲಸ. ಗಾಜು ಉಜ್ಜುವುದು, ಪಂಪ್ ಬಿಚ್ಚಿ ತೊಳೆಯುವುದು, ನೀರು ಬದಲಿಸುವುದು, ಟೆಸ್ಟ್ ಮಾಡಿ ಬರೆದಿಡುವುದು. ಹೊಸದಾಗಿ ಟ್ಯಾಂಕ್ ಇಡಿಸುವವರು ಮೊದಲು ಮೀನಿನ ಬಗ್ಗೆ ಕೇಳುತ್ತಾರೆ. ಆಮೇಲೆ ನೀರಿನ ವಿಷಯ ಬರುತ್ತದೆ. "ಸಮುದ್ರದಿಂದಲೇ ತಂದುಬಿಟ್ಟರೆ ಒಳ್ಳೇದಲ್ವಾ? ಪುಡಿ ಕದಡಿ ಮಾಡೋ ನೀರು ಎಷ್ಟಾದರೂ ಡೂಪ್ಲಿಕೇಟ್ ತಾನೇ?"

ಈ ಪ್ರಶ್ನೆಗೆ ನಾನು ನೇರವಾಗಿ ಉತ್ತರ ಕೊಡುವುದಿಲ್ಲ. ಬದಲಿಗೆ, ಮೂರು ತಿಂಗಳು ಬಿಟ್ಟು ನೀರು ಬದಲಿಸುವಾಗಲೂ ಇವತ್ತಿನಂಥದ್ದೇ ನೀರು ನಿಮಗೆ ಎಲ್ಲಿಂದ ಸಿಗುತ್ತದೆ ಅಂತ ಕೇಳುತ್ತೇನೆ. ಟ್ಯಾಂಕಿನ ಜೀವಿಗಳಿಗೆ ಬೇಕಾಗಿರುವುದು ಅದು. ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಂ ಇದ್ದರೂ ಬದುಕುತ್ತವೆ, 440 ಇದ್ದರೂ ಬದುಕುತ್ತವೆ. ಇವತ್ತು ಹೀಗೆ, ನಾಳೆ ಹಾಗೆ ಅಂತ ಅಲುಗಾಡುವ ನೀರಿನಲ್ಲಿ ಮಾತ್ರ ಸೊರಗುತ್ತವೆ.

ಹಾಗಂತ ಸಮುದ್ರದ ನೀರನ್ನು ಕಡೆಗಣಿಸುವ ಹಾಗಿಲ್ಲ. ತೆರೆದ ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಕ್ಲೋರೈಡ್ ಮತ್ತು ಸೋಡಿಯಂ ಅದರಲ್ಲಿ ದೊಡ್ಡ ಪಾಲು. ಉಳಿದದ್ದು ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮತ್ತು ಚೂರುಪಾರು ಬೇರೆ. ಲೀಟರಿಗೆ ಮೆಗ್ನೀಸಿಯಂ 1,300 ಮಿಲಿಗ್ರಾಂ ಆಸುಪಾಸು, ಕ್ಯಾಲ್ಸಿಯಂ 410 ಆಸುಪಾಸು. ಸಮುದ್ರದಿಂದ ಸಮುದ್ರಕ್ಕೆ ಒಟ್ಟು ಉಪ್ಪು ಹೆಚ್ಚು ಕಡಿಮೆ ಆಗುತ್ತದೆ, ಕೆಂಪು ಸಮುದ್ರದಲ್ಲಿ 40ರ ಹತ್ತಿರ ಇರುತ್ತದೆ. ಆದರೆ ಈ ಲವಣಗಳು ಒಂದಕ್ಕೊಂದು ಇರುವ ಪಾಲು ಹೆಚ್ಚುಕಡಿಮೆ ಒಂದೇ. 1872ರಿಂದ 1876ರವರೆಗೆ ಸಮುದ್ರ ಸುತ್ತಿದ ಚಾಲೆಂಜರ್ ಹಡಗು ತಂದ 77 ಮಾದರಿಗಳನ್ನು ವಿಲಿಯಂ ಡಿಟ್ಮಾರ್ ಎಂಬ ರಸಾಯನತಜ್ಞರು ಪರೀಕ್ಷಿಸಿ, 1884ರಲ್ಲಿ ಇದನ್ನು ಗಟ್ಟಿ ಮಾಡಿದರು.

ಪಾಲು ಒಂದೇ ಆಗಿರುವುದರಿಂದಲೇ ಸಾಲ್ಟ್ ಮಿಕ್ಸ್, ಅಂದರೆ ಈ ಲವಣಗಳನ್ನು ಅದೇ ಪಾಲಿನಲ್ಲಿ ಬೆರೆಸಿದ ಪುಡಿ, ಅನ್ನೋದು ಸಾಧ್ಯವಾಗಿರುವುದು. ಡಿಟ್ಮಾರ್‌ಗಿಂತ ಮೊದಲೇ, 1854ರಲ್ಲಿ, ಫಿಲಿಪ್ ಹೆನ್ರಿ ಗಾಸ್ ಎಂಬ ಇಂಗ್ಲಿಷ್ ಪ್ರಕೃತಿತಜ್ಞರು ಅಕ್ವೇರಿಯಂಗಾಗಿ ಸಮುದ್ರದ ನೀರು ತಯಾರಿಸುವ ಪಾಕ ಪ್ರಕಟಿಸಿದ್ದರು. ಸಾಧಾರಣ ಉಪ್ಪು, ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್), ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್, ಇಷ್ಟೇ. ಕ್ಯಾಲ್ಸಿಯಂ ಹಾಕಿರಲಿಲ್ಲ. ಇವತ್ತು ಹವಳದ ಟ್ಯಾಂಕಿಗೆ ಅದು ಸಾಲದು ಬಿಡಿ, ಆದರೆ "ಪುಡಿ ನೀರು" ಅಂದರೆ ಮೊನ್ನೆ ಮೊನ್ನೆ ಬಂದ ಶೋಕಿ ಅನ್ನುವವರಿಗೆ ಈ ಕಥೆ ಹೇಳುತ್ತೇನೆ.

ಮೇಲೆ ಹೇಳಿದ್ದೆಲ್ಲ ತೆರೆದ ಸಮುದ್ರದ ಲೆಕ್ಕ. ನಮ್ಮ ಕ್ಯಾನಿಗೆ ಬರುವುದು ದಡದ ನೀರು. ಅಲ್ಲಿ ನದಿ ಬಂದು ಸೇರುತ್ತದೆ, ಮಳೆ ನೀರು ಹರಿದು ಬರುತ್ತದೆ, ಚರಂಡಿ ಸೇರುತ್ತದೆ. ದೋಣಿಗಳು ನಿಲ್ಲುವ ಕಡೆ ಅವುಗಳ ತಳಕ್ಕೆ ಬಳಿದ ಬಣ್ಣದಿಂದ ತಾಮ್ರ ಬಿಡುತ್ತದೆ. ಸೀಗಡಿ, ಬಸವನಹುಳು, ಹವಳ, ಇವಕ್ಕೆಲ್ಲ ತಾಮ್ರ ಚೂರೇ ಚೂರು ಇದ್ದರೂ ವಿಷ. ಅದಕ್ಕೇ ನೀರು ತುಂಬುವವರಿಗೆ ನಾನು ಹೇಳುವುದು: ಬಂದರಿನಿಂದ, ಅಳಿವೆಯಿಂದ ದೂರ ಹೋಗಿ, ಉಬ್ಬರ ಏರುತ್ತಿರುವಾಗ ತುಂಬಿ, ಮಳೆ ಬಂದು ಹೋದ ದಿನಗಳಲ್ಲಿ ಆ ಕಡೆ ಹೋಗಲೇಬೇಡಿ. ನೀರಿಗೆ ಹಸಿರೋ ಕೆಂಪೋ ಬಣ್ಣ ಬಂದಿದ್ದರೆ ಖಾಲಿ ಕ್ಯಾನ್ ತಗೊಂಡು ವಾಪಸ್ ಬನ್ನಿ.

ನಾನು ನೋಡಿಕೊಳ್ಳುತ್ತಿದ್ದ ಒಂದು ಹವಳದ ಟ್ಯಾಂಕಿಗೆ ಮಾಲೀಕರು ಹೊರಗಿನಿಂದ ಸಮುದ್ರದ ನೀರು ತರಿಸುತ್ತಿದ್ದರು. ತುಂಬ ದಿನ ಏನೂ ತೊಂದರೆ ಇರಲಿಲ್ಲ. ಮಳೆಗಾಲ ಶುರುವಾದ ಮೇಲೆ ಹವಳಗಳು ಅರ್ಧಂಬರ್ಧ ಅರಳತೊಡಗಿದವು. ಲೈಟ್ ನೋಡಿದೆವು, ಪಂಪ್ ನೋಡಿದೆವು, ಎಲ್ಲ ಸರಿ ಇತ್ತು. ಮೂಲೆಯಲ್ಲಿದ್ದ ಕ್ಯಾನಿನ ಮುಚ್ಚಳ ತೆಗೆದು ಎರಡು ಹನಿಯನ್ನು ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಮೇಲೆ ಹಾಕಿದರೆ ಕಿಲೋಗೆ ಬರೀ 29 ಗ್ರಾಂ! ನೋಡುವುದಕ್ಕೆ ಕನ್ನಡಿಯಂಥ ನೀರು, ವಾಸನೆಯೂ ಇಲ್ಲ. ಲೆಕ್ಕ ಹಾಕಿ ನೋಡಿ. 35 ಇರುವ ಟ್ಯಾಂಕಿನಲ್ಲಿ ಐದನೇ ಒಂದು ಪಾಲು ನೀರನ್ನು 29ರ ನೀರಿನಿಂದ ಬದಲಿಸಿದರೆ 33.8ಕ್ಕೆ ಇಳಿಯುತ್ತದೆ. ಹಾಗೇ ಮೂರು ಸಲ ಬದಲಿಸಿದರೆ 32. ಉಪ್ಪಿನ ಜೊತೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಅಷ್ಟೇ ಪಾಲು ಕಡಿಮೆಯಾಗಿರುತ್ತವೆ. ತರುವವರು ಮೋಸ ಮಾಡಿದರು ಅಂತ ಮಾಲೀಕರಿಗೆ ಸಿಟ್ಟು. ಮೋಸವೇನಿಲ್ಲ, ಅದೇ ಜಾಗದ ನೀರೇ. ಮಳೆ ಬಂದಿತ್ತು, ಅಷ್ಟೇ.

ಅವತ್ತಿನಿಂದ ಆ ಮನೆಯಲ್ಲಿ ಪ್ರತಿ ಕ್ಯಾನನ್ನೂ ಅಳೆದೇ ಬಳಸುವುದು. 32 ಬಂದರೆ ಲೀಟರಿಗೆ ಮೂರು ಗ್ರಾಂ ಲೆಕ್ಕದಲ್ಲಿ ಸಾಲ್ಟ್ ಮಿಕ್ಸ್ ಸೇರಿಸಿ ಸರಿಮಾಡುತ್ತೇವೆ. ಎರಡೂ ಬಗೆಯನ್ನು ಬೆರೆಸಬಾರದು ಅಂತ ಯಾವ ನಿಯಮವೂ ಇಲ್ಲ.

ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ತುಂಬಿರುತ್ತವೆ. ಕ್ಯಾನಿಗೆ ಬಂದ ಮೇಲೆ ಬೆಳಕಿಲ್ಲ, ಗಾಳಿಯಿಲ್ಲ, ಸಾಯತೊಡಗುತ್ತವೆ. ಸತ್ತದ್ದು ಕೊಳೆತರೆ ಅಮೋನಿಯಾ. ಹಾಗಾಗಿ ತಂದ ತಕ್ಷಣ ಬಳಸಿ, ಇಲ್ಲವಾದರೆ ಎರಡು ಮೂರು ವಾರ ಕತ್ತಲಲ್ಲಿ ಇಟ್ಟು, ಎಲ್ಲ ಕೊಳೆತು ತಣ್ಣಗಾದ ಮೇಲೆ ಬಳಸಿ. ನಡುವೆ ಬಳಸುವುದೇ ಅಪಾಯ. ಹಾಗೆ ಇಟ್ಟ ಡ್ರಮ್ಮಿನ ತಳದಲ್ಲಿ ಬೂದುಬಣ್ಣದ ಮೆತ್ತನೆ ಪದರ ಕೂತಿರುತ್ತದೆ. ಪೈಪನ್ನು ಅದಕ್ಕೆ ತಾಗಿಸದೆ, ಮೇಲಿನ ನೀರನ್ನಷ್ಟೇ ಎಳೆದು, ಸಣ್ಣ ಕಣ್ಣಿನ ಫಿಲ್ಟರಿನಲ್ಲಿ ಸೋಸಿ, ಏರ್ ಪಂಪ್ ಬಿಟ್ಟು, ಅಮೋನಿಯಾ ಟೆಸ್ಟ್ ಮಾಡಿ ಸೊನ್ನೆ ಬಂದರೆ ಮಾತ್ರ ಟ್ಯಾಂಕಿಗೆ. ಬ್ಲೀಚ್ ಹಾಕಿ ಕೊಂದು, ಆಮೇಲೆ ಸೋಡಿಯಂ ಥಯೋಸಲ್ಫೇಟ್ ಹಾಕಿ ಕ್ಲೋರಿನ್ ತೆಗೆಯುವವರೂ ಇದ್ದಾರೆ. ಅಳತೆಯ ಬಗ್ಗೆ ಕೈ ಪಳಗಿದವರಿಗೆ ಅದು ಸರಿ. ಮನೆಯವರ ಕೈಗೆ ನಾನಂತೂ ಕೊಡುವುದಿಲ್ಲ.

ಸಮುದ್ರದ ನೀರಿನಿಂದ ಮೀನಿನ ಮೈಮೇಲೆ ಬಿಳಿ ಚುಕ್ಕೆ ಏಳುವ ವೈಟ್ ಸ್ಪಾಟ್ ರೋಗ ಬರುತ್ತದೆ ಅಂತ ಹೆದರುವವರು ಜಾಸ್ತಿ. ನನ್ನ ಪ್ರಕಾರ ಆ ಭಯ ಸ್ವಲ್ಪ ಅತಿಯಾಯಿತು. ರೋಗ ಒಳಗೆ ಬರುವುದು ಹೆಚ್ಚಾಗಿ ಕ್ವಾರಂಟೈನ್ ಮಾಡದೆ ಬಿಟ್ಟ ಹೊಸ ಮೀನಿನ ಜೊತೆ.

ಈಗ ಪುಡಿಯ ಕಡೆ ಬರೋಣ. ಯಾವ ಬ್ರಾಂಡ್ ಒಳ್ಳೇದು ಅಂತ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಒಂದು ಕಿಲೋ ತಯಾರಾದ ನೀರಿನಲ್ಲಿ ಉಪ್ಪು 35 ಗ್ರಾಂ, ಮಿಕ್ಕ 965 ಗ್ರಾಂ ನಲ್ಲಿಯಿಂದ ಹಿಡಿದದ್ದು. ಆ 965ರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ! ಪಾಚಿ ಹೋಗುತ್ತಿಲ್ಲ ಅಂತ ಕರೆಸಿದ ಮನೆಗಳಲ್ಲಿ ನಾನು ಮೊದಲು ಕೈಹಾಕುವುದು ನೀರಿನಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರಿಗೆ. ನಲ್ಲಿ ನೀರಿನಲ್ಲಿ ಪಾಚಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಇರಬಹುದು, ತಾಮ್ರದ ಪೈಪಿನಿಂದ ತಾಮ್ರ ಬರಬಹುದು. ಆರ್‌ಓ ಆದ ಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಮೂಲಕ ಹಾಯಿಸಿ, ಮೀಟರ್ ಸೊನ್ನೆ ತೋರಿಸುವ ನೀರೇ ಬೇಕು.

"ಮನೇಲಿ ಆರ್‌ಓ ಇದೆಯಲ್ಲ ಸರ್" ಅನ್ನುತ್ತಾರೆ. ಕುಡಿಯುವ ನೀರಿನ ಎಷ್ಟೋ ಯಂತ್ರಗಳಲ್ಲಿ ರುಚಿಗೆಂದು ಸೋಸದ ನೀರನ್ನೇ ಸ್ವಲ್ಪ ಬೆರೆಸುತ್ತಾರೆ, ಇಲ್ಲವೇ ಖನಿಜ ಸೇರಿಸುತ್ತಾರೆ. ಕುಡಿಯುವುದಕ್ಕೆ ಸರಿ, ಟ್ಯಾಂಕಿಗಲ್ಲ. ಇನ್ನೊಂದು ವಿಷಯ, ಕೆಲವು ಕಡೆ ನೀರಿಗೆ ಕ್ಲೋರಿನ್ ಬದಲು ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ಕ್ಲೋರಮೈನ್ ಹಾಕುತ್ತಾರೆ. ಅದು ರಾತ್ರಿಯಿಡೀ ತೆರೆದಿಟ್ಟರೂ ಹಾರಿಹೋಗುವುದಿಲ್ಲ. ಕಾರ್ಬನ್ ಫಿಲ್ಟರ್ ಅದನ್ನು ಒಡೆದರೆ ಅಮೋನಿಯಾ ಉಳಿಯುತ್ತದೆ, ಅದನ್ನು ಹಿಡಿಯುವುದಕ್ಕೂ ಡಿಐ ಬೇಕು.

ಕಲಸುವುದರಲ್ಲೂ ಕ್ರಮ ಇದೆ. ಮೊದಲು ನೀರು, ಆಮೇಲೆ ಉಪ್ಪು. ಉಲ್ಟಾ ಮಾಡಿದರೆ ತಳದಲ್ಲಿ ಗಟ್ಟಿ ದ್ರಾವಣವಾಗಿ, ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಸೇರಿ ಸುಣ್ಣದ ಹಾಗೆ ಬಿಳಿಯಾಗಿ ಕೂತುಬಿಡುತ್ತವೆ. ಒಮ್ಮೆ ಕೂತದ್ದು ಎಷ್ಟು ಕದಡಿದರೂ ಸುಲಭಕ್ಕೆ ಕರಗುವುದಿಲ್ಲ. ಡ್ರಮ್ಮಿಗೆ ನೀರು ತುಂಬಿ, ನೀರು ತಿರುಗಿಸುವ ಪಂಪ್, ಅಂದರೆ ಪವರ್‌ಹೆಡ್ ಓಡಿಸಿ, ತಿರುಗುವ ನೀರಿಗೆ ಒಂದೊಂದು ಮಗ್ ಸುರಿಯಬೇಕು. ಒಂದು ಮಗ್ ಮರೆಯಾದ ಮೇಲೆ ಇನ್ನೊಂದು. ಮೊದಲು ಹಾಲಿನಂತಾಗುತ್ತದೆ, ನಿಧಾನಕ್ಕೆ ತಿಳಿಯಾಗುತ್ತದೆ. ಎಷ್ಟು ಹೊತ್ತು ಅನ್ನುವುದು ಬ್ರಾಂಡಿನಿಂದ ಬ್ರಾಂಡಿಗೆ ಬೇರೆ, ಡಬ್ಬದ ಮೇಲೆ ಬರೆದದ್ದನ್ನು ಓದಿ. ಮೀನಿರುವ ಟ್ಯಾಂಕಿಗೇ ಪುಡಿ ಸುರಿಯುವ ಕೆಲಸ ಮಾತ್ರ ಯಾವತ್ತೂ ಬೇಡ.

ಉಪ್ಪಿನ ಬಕೆಟ್ ತೆರೆಯುವ ಮೊದಲು ನಾನು ಅದನ್ನು ಅಡ್ಡ ಮಲಗಿಸಿ ನಾಲ್ಕಾರು ಸಲ ಉರುಳಿಸುತ್ತೇನೆ. ಮನೆಯವರಿಗೆ ತಮಾಷೆ ಅನ್ನಿಸುತ್ತದೆ. ಸಾಗಾಟದಲ್ಲಿ ಅಲುಗಾಡಿ ದಪ್ಪ ಹರಳು ಒಂದು ಕಡೆ, ನುಣ್ಣನೆ ಪುಡಿ ಒಂದು ಕಡೆ ಆಗಿರುತ್ತದೆ. ಹಾಗೇ ತೆಗೆದರೆ ಮೊದಲ ಡ್ರಮ್ಮಿಗೂ ಕೊನೆಯ ಡ್ರಮ್ಮಿಗೂ ವ್ಯತ್ಯಾಸ ಬರುತ್ತದೆ. ಇನ್ನು ಮುಚ್ಚಳ. ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಸಡಿಲವಾಗಿ ಮುಚ್ಚಿಟ್ಟ ಬಕೆಟ್ಟಿನಲ್ಲಿ ಪುಡಿ ಹೆಂಟೆ ಕಟ್ಟುತ್ತದೆ. ಆಗ ತೂಕ ಮಾಡಿ ಹಾಕಿದರೂ ನೀವು ತೂಗುತ್ತಿರುವುದರಲ್ಲಿ ನೀರೂ ಸೇರಿರುತ್ತದೆ.

ಅಳೆಯುವ ಸಾಧನವನ್ನೂ ಕಣ್ಣು ಮುಚ್ಚಿ ನಂಬಬೇಡಿ. ರಿಫ್ರಾಕ್ಟೋಮೀಟರಿನ ಗಾಜಿಗೆ ಎರಡು ಹನಿ ಬಿಟ್ಟು, ಗುಳ್ಳೆ ಇಲ್ಲದ ಹಾಗೆ ಮುಚ್ಚಿ, ಅರ್ಧ ನಿಮಿಷ ಬಿಟ್ಟು ಬೆಳಕಿಗೆ ಹಿಡಿದು ನೋಡುವುದು ಎಲ್ಲರಿಗೂ ಗೊತ್ತು. ಸೊನ್ನೆಯನ್ನು ಶುದ್ಧ ನೀರಿನಲ್ಲಿ ಹೊಂದಿಸಿದರೆ ಸಾಕು ಅಂದುಕೊಳ್ಳುತ್ತಾರೆ, ಸಾಲದು. ಎಷ್ಟೋ ರಿಫ್ರಾಕ್ಟೋಮೀಟರುಗಳ ಸ್ಕೇಲ್ ಬರೀ ಸೋಡಿಯಂ ಕ್ಲೋರೈಡಿಗೆ ಮಾಡಿದ್ದು. ಸಮುದ್ರದ ನೀರಿಗೆ ಅದು ಒಂದೆರಡು ಅಂಕ ಜಾಸ್ತಿ ತೋರಿಸುತ್ತದೆ. ಮೀಟರನ್ನು ಸರಿಹೊಂದಿಸುವ 35 ಪಿಪಿಟಿಯ (ಕಿಲೋಗೆ 35 ಗ್ರಾಂ ಉಪ್ಪಿನ) ಕ್ಯಾಲಿಬ್ರೇಶನ್ ದ್ರಾವಣದ ಒಂದು ಚಿಕ್ಕ ಬಾಟಲಿ ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ.

ಬ್ರಾಂಡ್ ಆರಿಸುವಾಗ ನಾನು ನೋಡುವುದು ಆಲ್ಕಲಿನಿಟಿ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ. ಸಮುದ್ರದ ನೀರಿನಲ್ಲಿ ಅದು 7 ಡಿಕೆಎಚ್ (ಆಲ್ಕಲಿನಿಟಿಯ ಅಳತೆ) ಆಸುಪಾಸು. ಹವಳದ ಟ್ಯಾಂಕಿಗೆಂದೇ ಮಾಡಿದ ಕೆಲವು ರೀಫ್ ಸಾಲ್ಟ್‌ಗಳಲ್ಲಿ 11, 12ರವರೆಗೂ ಏರಿಸಿರುತ್ತಾರೆ, ಹವಳ ಬೇಗ ಬೆಳೆಯಲಿ ಅಂತ. ನಿಮ್ಮ ಟ್ಯಾಂಕ್ 7.5ರಲ್ಲಿ ನಿಂತಿದ್ದು, 12ರ ನೀರನ್ನು ಐದನೇ ಒಂದು ಪಾಲು ಹಾಕಿದರೆ ಒಂದೇ ಏಟಿಗೆ 8.4ಕ್ಕೆ ಹೋಗುತ್ತದೆ. ಮೀನುಗಳಿಗೆ ಗೊತ್ತೇ ಆಗುವುದಿಲ್ಲ. ಗಟ್ಟಿ ಹವಳಗಳಲ್ಲಿ ನಾಜೂಕಿನವು ಇರುತ್ತವೆ, ಅವು ಇಂಥ ಜಿಗಿತ ಸಹಿಸುವುದಿಲ್ಲ. ಟ್ಯಾಂಕ್ ಎಲ್ಲಿ ನಿಂತಿದೆಯೋ ಅದಕ್ಕೆ ಹತ್ತಿರದ ಉಪ್ಪು ತಗೊಳ್ಳಿ ಅಂತಲೇ ಹೇಳುತ್ತೇನೆ, ಡಬ್ಬದ ಮೇಲೆ ಎಷ್ಟು ದೊಡ್ಡ ಅಕ್ಷರದಲ್ಲಿ ಏನೇ ಬರೆದಿರಲಿ.

ಇಷ್ಟೆಲ್ಲ ಕೇಳಿದ ಮೇಲೂ ಯಾವುದು ಅಂತ ಕೇಳಿದರೆ, ಹೆಚ್ಚಿನ ಮನೆಗಳಿಗೆ ನಾನು ಪುಡಿಯನ್ನೇ ಸೂಚಿಸುತ್ತೇನೆ. ಕಾರಣ ಬರೀ ರಾಸಾಯನಿಕ ಲೆಕ್ಕ ಅಲ್ಲ. ಸಮುದ್ರದ ನೀರು ನೂರು ಲೀಟರ್ ಅಂದರೆ ನೂರಾ ಎರಡೂವರೆ ಕಿಲೋ, ಅದನ್ನು ಯಾರೋ ಹೊತ್ತು ಮೆಟ್ಟಿಲು ಹತ್ತಬೇಕು. ಎರಡು ವಾರ ಕತ್ತಲಲ್ಲಿ ಇಡುವುದಕ್ಕೆ ಜಾಗ ಬೇಕು. ಶುರುವಿನ ಹುಮ್ಮಸ್ಸಿನಲ್ಲಿ ಎಲ್ಲರೂ ಹೊರುತ್ತಾರೆ, ಆಮೇಲೆ ವಾಟರ್ ಚೇಂಜ್ ಮುಂದಕ್ಕೆ ಮುಂದಕ್ಕೆ ಹೋಗುತ್ತದೆ. ಪುಡಿ ಮನೆಯಲ್ಲೇ ಇದ್ದರೆ ನೆಪ ಇರುವುದಿಲ್ಲ. ತೆರೆದ ಸಮುದ್ರ ಹತ್ತಿರದಲ್ಲೇ ಇದ್ದು, ನೀರೆತ್ತಲು ಅನುಮತಿಯೂ ಇದ್ದು, ಅಥವಾ ಮರಳಿನ ಫಿಲ್ಟರ್ ಮೂಲಕ ಪಂಪ್ ಮಾಡಿದ ನೀರು ಮೀನು, ಸೀಗಡಿ ಮರಿ ಮಾಡುವ ಯಾವುದಾದರೂ ಹ್ಯಾಚರಿಯಿಂದ ಖಾಯಂ ಸಿಗುವ ಹಾಗಿದ್ದರೆ ಸಮುದ್ರದ ನೀರೇ ಇರಲಿ. ಅಂಥ ನೀರಿನಲ್ಲಿ ಚೆನ್ನಾಗಿ ನಡೆಯುತ್ತಿರುವ ಟ್ಯಾಂಕನ್ನು ಪುಡಿಗೆ ಬದಲಿಸಿ ಅಂತ ನಾನು ಹೇಳುವುದಿಲ್ಲ.

ಆವಿಯಾಗಿ ಕಡಿಮೆಯಾದ ನೀರಿಗೆ ಮಾತ್ರ ಎರಡೂ ಬೇಡ, ಬರೀ ಆರ್‌ಓ ಡಿಐ ನೀರು ಹಾಕಿ. ಆವಿಯಾಗುವುದು ನೀರು, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಇದನ್ನು ಚೀಟಿ ಬರೆದೇ ಕೊಡಿ.

ಒಂದರಿಂದ ಇನ್ನೊಂದಕ್ಕೆ ಹೋಗುವುದಾದರೆ ಹತ್ತನೇ ಒಂದು ಪಾಲಿನಂತೆ, ವಾರಕ್ಕೊಮ್ಮೆ ಬದಲಿಸುತ್ತಾ ಹೋಗಿ. ಹೊಸ ನೀರಿನ ಉಪ್ಪು, ಬಿಸಿ, ಆಲ್ಕಲಿನಿಟಿ ಮೂರೂ ಟ್ಯಾಂಕಿಗೆ ಹತ್ತಿರ ಇರಲಿ. ಯಾವ ನೀರೇ ಇರಲಿ, ಟ್ಯಾಂಕಿನ ಐದನೇ ಒಂದು ಪಾಲಿನಷ್ಟು ತಯಾರಾದ ನೀರು ಒಂದು ಡ್ರಮ್ಮಿನಲ್ಲಿ ಸದಾ ಸಿದ್ಧ ಇಟ್ಟಿರಿ. ಏನೋ ಸತ್ತು ಅಮೋನಿಯಾ ಏರಿದ ರಾತ್ರಿ ಉಪ್ಪು ಕದಡಿಕೊಂಡು ಕೂರುವುದಕ್ಕೆ ಹೊತ್ತಿರುವುದಿಲ್ಲ. ಡ್ರಮ್ಮಿಗೊಂದು ಟೇಪ್ ಅಂಟಿಸಿ ತಾರೀಖು, ಪಿಪಿಟಿ, ಡಿಕೆಎಚ್ ಬರೆದಿಡಿ. ಮಾರ್ಕರ್ ಪೆನ್ನನ್ನು ಅಲ್ಲೇ ದಾರ ಕಟ್ಟಿ ನೇತುಹಾಕಿ, ಇಲ್ಲವಾದರೆ ಯಾರೂ ಬರೆಯುವುದಿಲ್ಲ.